ಹಂಚಿಕೊಂಡ ಆಡಳಿತ ಮತ್ತು ಮಾನ್ಯತೆ: ಎರಡನ್ನೂ ಜೊತೆಯಾಗಿ ಓದಿ

ಹಂಚಿಕೊಂಡ ಆಡಳಿತ ಅಂದರೆ ವಿಶ್ವವಿದ್ಯಾಲಯವನ್ನು ಆಡಳಿತ ಮಂಡಳಿ, ಅಧ್ಯಕ್ಷರು, ಪ್ರಾಧ್ಯಾಪಕರು ಹೊಣೆ ಹಂಚಿಕೊಂಡು ನಡೆಸುವುದು. ಮಾನ್ಯತೆ ಅಂದರೆ ಅದರ ಗುಣಮಟ್ಟ ಸರಿಯಿದೆ ಅಂತ ಹೊರಗಿನ ಸಂಸ್ಥೆ ಒತ್ತುವ ಮುದ್ರೆ. ಈ ಎರಡು ವಿಷಯಗಳನ್ನು ನಾನು ಮೊದಲು ಬೇರೆ ಬೇರೆಯಾಗಿ ಓದಿದೆ. ಎರಡೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ನಡೆದದ್ದನ್ನು ಓದಿದ ಮೇಲೆ ಎರಡಕ್ಕೂ ಇರುವ ನಂಟು ಕಣ್ಣಿಗೆ ಬಿತ್ತು. ಆ ದಾರಿಯಲ್ಲೇ ಹೋಗೋಣ.

ಹಂಚಿಕೊಂಡ ಆಡಳಿತ ಅಂದ ತಕ್ಷಣ ಎಲ್ಲರೂ ಎಲ್ಲದಕ್ಕೂ ಮತ ಹಾಕುತ್ತಾರೆ ಅಂದುಕೊಳ್ಳಬೇಡಿ. ಯಾವ ವಿಷಯದಲ್ಲಿ ಯಾರ ಮಾತಿಗೆ ತೂಕ ಜಾಸ್ತಿ ಅನ್ನುವುದನ್ನು ಮುಂಚೆಯೇ ಗೊತ್ತು ಮಾಡಿಕೊಂಡಿರುವುದೇ ಇದರ ಜೀವಾಳ. ಇದಕ್ಕೆ ಬುಡ 1966ರ ಒಂದು ಹೇಳಿಕೆ. ಅಮೆರಿಕದ ಪ್ರಾಧ್ಯಾಪಕರ ಸಂಘ, ಕಾಲೇಜುಗಳ ಒಕ್ಕೂಟ, ಆಡಳಿತ ಮಂಡಳಿಗಳ ಸಂಘ ಮೂರೂ ಕೂತು ಅದನ್ನು ರೂಪಿಸಿದವು. ಸಿಲಬಸ್, ಪಾಠದ ವಿಧಾನ, ಸಂಶೋಧನೆ, ಬೋಧಕರ ನೇಮಕ ಮತ್ತು ಬಡ್ತಿ: ಇವುಗಳಲ್ಲಿ ಮೊದಲ ಹೊಣೆ ಪ್ರಾಧ್ಯಾಪಕರದ್ದು. ಕೊನೆಯ ಅಧಿಕಾರ ಮಂಡಳಿಯದೇ. ಆದರೆ ಪ್ರಾಧ್ಯಾಪಕರ ತೀರ್ಮಾನವನ್ನು ಮಂಡಳಿ ಅಪರೂಪಕ್ಕೆ ಮಾತ್ರ ತಳ್ಳಿಹಾಕಬೇಕು. ತಳ್ಳಿಹಾಕಿದರೆ ಕಾರಣ ಹೇಳಬೇಕು. ಈ 'ಕಾರಣ ಹೇಳಬೇಕು' ಅನ್ನುವ ಮಾತನ್ನು ಗುರುತು ಹಾಕಿಕೊಳ್ಳಿ. ನನ್ನ ಪ್ರಕಾರ ಇಡೀ ಹೇಳಿಕೆಯ ತಿರುಳು ಅಲ್ಲೇ ಇದೆ.

ಆದರೆ ಅದು ಕಾನೂನು ಅಲ್ಲ. ಪಾಲಿಸದಿದ್ದರೆ ಕೇಳುವವರು ಯಾರು? ಮಾನ್ಯತೆ ಬರುವುದು ಇಲ್ಲಿ.

ಅಮೆರಿಕದಲ್ಲಿ ಮಾನ್ಯತೆ ಕೊಡುವುದು ಸರ್ಕಾರ ಅಲ್ಲ, ಖಾಸಗಿ ಸಂಸ್ಥೆಗಳು. ಶಿಕ್ಷಣ ಇಲಾಖೆ ಆ ಸಂಸ್ಥೆಗಳನ್ನು ಅಧಿಕೃತವಾಗಿ ಗುರುತಿಸುತ್ತದೆ. ಗುರುತಿಸಿದ ಸಂಸ್ಥೆಯ ಮಾನ್ಯತೆ ಇದ್ದರೆ ಮಾತ್ರ ಅಲ್ಲಿನ ವಿದ್ಯಾರ್ಥಿಗಳಿಗೆ 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ಕೇಂದ್ರ ಸರ್ಕಾರದ ನೆರವು, ಸಾಲ ಸಿಗುತ್ತದೆ. ಮಾನ್ಯತೆ ಹೋದರೆ ಆ ದುಡ್ಡೂ ಹೋಯಿತು.

ಪರಿಶೀಲನೆ ಹೇಗೆ? ವಿಶ್ವವಿದ್ಯಾಲಯ ಮೊದಲು ತನ್ನ ಬಗ್ಗೆ ತಾನೇ ವರದಿ ಬರೆಯುತ್ತದೆ. ಆಮೇಲೆ ಬೇರೆ ವಿಶ್ವವಿದ್ಯಾಲಯಗಳವರ ತಂಡ ಬಂದು ನೋಡುತ್ತದೆ. 'ನಮ್ಮಲ್ಲಿ ಎಲ್ಲರನ್ನೂ ಕೇಳಿಯೇ ತೀರ್ಮಾನ ಮಾಡುತ್ತೇವೆ' ಅಂತ ಸುಮ್ನೆ ಬರೆದರೆ ಸಾಲದು. ಒಂದು ಹೊಸ ಪದವಿ ಕೋರ್ಸ್ ಶುರುವಾಗಿದೆ ಅಂದುಕೊಳ್ಳಿ. ವಿಭಾಗ ಪ್ರಸ್ತಾವ ಕೊಟ್ಟ ದಿನ, ಪಠ್ಯಕ್ರಮ ಸಮಿತಿ ಎತ್ತಿದ ಆಕ್ಷೇಪ, ಸೆನೆಟ್ಟಿನ (ಪ್ರಾಧ್ಯಾಪಕರ ಪ್ರತಿನಿಧಿ ಸಭೆಯ) ಮತ, ಮಂಡಳಿಯ ಒಪ್ಪಿಗೆ: ಪ್ರತಿ ಹೆಜ್ಜೆಗೂ ಸಭೆಯ ನಡಾವಳಿ ತೋರಿಸಬೇಕು. ನಡಾವಳಿ ಇಲ್ಲದಿದ್ದರೆ ಆ ಸಭೆ ನಡೆದಿತ್ತು ಅನ್ನುವುದಕ್ಕೆ ಸಾಕ್ಷಿಯೇ ಇಲ್ಲ, ಅಲ್ವಾ?

ಈಗ ವರ್ಜೀನಿಯಾಕ್ಕೆ ಬರೋಣ. 2012ರ ಜೂನ್ 10ರಂದು ವಿಶ್ವವಿದ್ಯಾಲಯದ ಅಧ್ಯಕ್ಷೆ ತೆರೇಸಾ ಸಲ್ಲಿವನ್ ರಾಜೀನಾಮೆ ಕೊಡುತ್ತಾರೆ ಅಂತ ಪ್ರಕಟವಾಯಿತು. ಮಂಡಳಿಯ ಮುಖ್ಯಸ್ಥರು ಸದಸ್ಯರ ಜೊತೆ ಒಬ್ಬೊಬ್ಬರಾಗಿ ಮಾತಾಡಿ, ಅವರನ್ನು ಇಳಿಸಲು ಬೆಂಬಲ ಕೂಡಿಸಿಕೊಂಡಿದ್ದರು. ಇಡೀ ಮಂಡಳಿ ಕೂತು ಚರ್ಚಿಸಿ ಮತ ಹಾಕಿರಲಿಲ್ಲ. ಪ್ರಾಧ್ಯಾಪಕರನ್ನು ಕೇಳಿರಲೂ ಇಲ್ಲ. ಪ್ರಾಧ್ಯಾಪಕರ ಸೆನೆಟ್, ಆಡಳಿತ ಮಂಡಳಿಯ ಮೇಲೆ ಅವಿಶ್ವಾಸ ಸೂಚಿಸಿತು. ರೊಟಂಡಾ ಅನ್ನುವ ಅಲ್ಲಿನ ಗುಮ್ಮಟದ ಕಟ್ಟಡದ ಎದುರಿನ ಹುಲ್ಲುಹಾಸಿನಲ್ಲಿ ಜನ ಸೇರಿದರು. ಜೂನ್ 26ರಂದು ಮಂಡಳಿ ಒಮ್ಮತದಿಂದ ಸಲ್ಲಿವನ್ ಅವರನ್ನು ಅದೇ ಹುದ್ದೆಯಲ್ಲಿ ಉಳಿಸಿಕೊಂಡಿತು.

ಕಥೆ ಇಲ್ಲಿಗೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಡಿಸೆಂಬರಿನಲ್ಲಿ ದಕ್ಷಿಣ ರಾಜ್ಯಗಳ ಮಾನ್ಯತಾ ಆಯೋಗ ವಿಶ್ವವಿದ್ಯಾಲಯಕ್ಕೆ 'ಎಚ್ಚರಿಕೆ' ಕೊಟ್ಟಿತು. ಅಧ್ಯಕ್ಷೆ ಉಳಿದ ಮೇಲೂ ಯಾಕೆ? ಆಯೋಗ ನೋಡಿದ್ದು ಆ ತೀರ್ಮಾನಕ್ಕೆ ಬಂದ ದಾರಿಯನ್ನು. ಎರಡು ಮಾನದಂಡಗಳ ಪ್ರಶ್ನೆ ಎದ್ದಿತ್ತು. ಒಂದು, ಮಂಡಳಿ ಕೆಲವೇ ಸದಸ್ಯರ ಹಿಡಿತದಲ್ಲಿ ಇರಬಾರದು. ಇನ್ನೊಂದು, ಆಡಳಿತದಲ್ಲಿ ಪ್ರಾಧ್ಯಾಪಕರ ಹೊಣೆ ಏನು, ಅಧಿಕಾರ ಏನು ಅನ್ನುವ ನೀತಿ ಪ್ರಕಟವಾಗಿರಬೇಕು. ಎರಡನೆಯದು 1966ರ ಹೇಳಿಕೆಯ ಆಶಯವೇ. ಈ ಸಲ ಅದರ ಹಿಂದೆ ಮಾನ್ಯತೆಯ ಬಲ ಇತ್ತು.

ಎಚ್ಚರಿಕೆ ಅಂದರೆ ಮಾನ್ಯತೆ ಹೋದಂತೆ ಅಲ್ಲ. ಅದಕ್ಕಿಂತ ಗಟ್ಟಿಯಾದ ಹಂತ ಪ್ರೊಬೇಷನ್, ಅಂದರೆ ಮಾನ್ಯತೆ ಉಳಿದಿದ್ದರೂ ಕಟ್ಟುನಿಟ್ಟಿನ ನಿಗಾದಲ್ಲಿ ಇಡುವುದು. ಮಾನ್ಯತೆ ರದ್ದು ಮಾಡುವುದು ಕೊನೆಯದು. ಪರೀಕ್ಷೆಯಲ್ಲಿ ಈ ಮೂರನ್ನು ಒಂದೇ ಅಂತ ಬರೆದುಬಿಡಬೇಡಿ.

ಮಂಡಳಿ ತನ್ನ ನಿಯಮಗಳನ್ನು ತಿದ್ದಿಕೊಂಡಿತು. ಅಧ್ಯಕ್ಷರ ಹುದ್ದೆಯ ವಿಷಯವನ್ನು ಇನ್ನು ಮುಂದೆ ಸಭೆ ಕರೆದು, ಮತಕ್ಕೆ ಹಾಕಿಯೇ ತೀರ್ಮಾನಿಸಬೇಕಾಯಿತು. 2013ರ ಡಿಸೆಂಬರಿನಲ್ಲಿ ಆಯೋಗ ಎಚ್ಚರಿಕೆಯನ್ನು ತೆಗೆದುಹಾಕಿತು. ಸಲ್ಲಿವನ್ 2018ರವರೆಗೂ ಅಧ್ಯಕ್ಷೆಯಾಗಿದ್ದರು.