ಗಾಜು ಅಗ್ಗ, ಫೋಕಸ್ ದುಬಾರಿ: ಹಳೇ ಶೈಲಿಯ ರೇಂಜ್‌ಫೈಂಡರ್ ಲೆನ್ಸುಗಳ ಹಿನ್ನೆಲೆ

ಲೈಕಾ ಎಂ ಎಂಬ ರೇಂಜ್‌ಫೈಂಡರ್ ಕ್ಯಾಮೆರಾಗೆ ಲೈಕಾದವರದೇ 50 ಮಿಮೀ ಎಫ್ 0.95 ನಾಕ್ಟಿಲಕ್ಸ್ ಲೆನ್ಸ್ ಬೇಕೆಂದರೆ 10,000 ಡಾಲರ್‌ಗೂ ಜಾಸ್ತಿ ಕೊಡಬೇಕು. ಅದೇ ಕ್ಯಾಮೆರಾಗೆ ಕೂರುವ 50 ಮಿಮೀ ಎಫ್ 1.1 ಲೆನ್ಸೊಂದು 2017ರಲ್ಲಿ ಚೀನಾದಿಂದ ಬಂತು (ಮಿಮೀ ಅಂದರೆ ಲೆನ್ಸಿನ ಫೋಕಲ್ ಲೆಂಗ್ತ್, ಅದು ಹೆಚ್ಚಾದಷ್ಟೂ ನೋಟ ಕಿರಿದು; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಹಿಡಿಯುತ್ತದೆ). ಬೆಲೆ 400 ಡಾಲರ್‌ಗಿಂತ ಕಡಿಮೆ. ಚಿತ್ರದಲ್ಲಿ ಹಳೇ ಕಾಲದ ಲೆನ್ಸುಗಳ ಮೆದು ಹೊಳಪು, ಹಿನ್ನೆಲೆಯಲ್ಲಿ ಕರಗಿದಂಥ ಮಸುಕು. ಇಷ್ಟು ಅಂತರ ಹೇಗೆ ಸಾಧ್ಯ ಅಂತ ಎಲ್ಲರೂ ಕೇಳುತ್ತಾರೆ. ಬ್ರ್ಯಾಂಡಿನ ಹೆಸರಿಗೆ ದುಡ್ಡು ಅನ್ನುವುದು ಸುಲಭದ ಉತ್ತರ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಪೂರ್ತಿ ಉತ್ತರ ಸಿಗಬೇಕಾದರೆ ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಈ ಲೆನ್ಸುಗಳ ಚರಿತ್ರೆಯಲ್ಲಿ ಗಾಜಿನ ವಿನ್ಯಾಸ ಮತ್ತೆ ಮತ್ತೆ ಅಗ್ಗವಾಗಿದೆ. ಆ ಗಾಜು ಕ್ಯಾಮೆರಾದ ಜೊತೆ ಸರಿಯಾಗಿ ಹೊಂದಿಕೊಳ್ಳುವ ಕೆಲಸ ಮಾತ್ರ ಯಾವತ್ತೂ ಅಗ್ಗವಾಗಿಲ್ಲ.

ಮೊದಲು ಆ ಹೊಂದಿಕೆ ಏನು ಅಂತ ನೋಡೋಣ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದೇ ಇಲ್ಲ. ಪಕ್ಕದ ಒಂದು ಕಿಟಕಿಯಿಂದ ನೋಡುತ್ತೇವೆ. ನೋಟದ ನಡುವೆ ಸಣ್ಣ ಚೌಕವೊಂದಿರುತ್ತದೆ, ಅದರೊಳಗೆ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಫೋಕಸ್ ರಿಂಗ್ ತಿರುಗಿಸುತ್ತಾ ಹೋದರೆ ಎರಡೂ ಬಿಂಬ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತವೆ. ಆಗ ಫೋಕಸ್ ಆಯಿತು ಅಂತ ಅರ್ಥ. ಇದು ನಡೆಯುವುದು ಕ್ಯಾಮೆರಾದ ಒಳಗಿರುವ ಒಂದು ಪುಟ್ಟ ಚಕ್ರದಿಂದ. ಅದು ಲೆನ್ಸಿನ ಹಿಂಬದಿಯ ಲೋಹದ ಬಳೆಯನ್ನು ಒತ್ತಿಕೊಂಡೇ ಇರುತ್ತದೆ. ಬಳೆ ಮುಂದೆ ಹಿಂದೆ ಸರಿದಷ್ಟೂ ಚಕ್ರ ಸರಿಯುತ್ತದೆ, ಚಕ್ರ ಸರಿದಷ್ಟೂ ಬಿಂಬ ಸರಿಯುತ್ತದೆ. ಅಂದರೆ ಗಾಜು ಮೂಡಿಸುವ ಚಿತ್ರವನ್ನು ಕ್ಯಾಮೆರಾ ನೋಡುತ್ತಲೇ ಇಲ್ಲ, ಬಳೆ ಹೇಳಿದ್ದನ್ನು ನಂಬುತ್ತಿದೆ. ಬಳೆ ಕೂದಲೆಳೆಯಷ್ಟು ಸುಳ್ಳು ಹೇಳಿದರೂ ಚಿತ್ರ ಕೆಟ್ಟಂತೆ.

ಜರ್ಮನಿಯ ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ, ಆಸ್ಕರ್ ಬಾರ್ನಾಕ್ ರೂಪಿಸಿದ ಕ್ಯಾಮೆರಾವಾಗಿ. ಆಗ ಅದರಲ್ಲಿ ರೇಂಜ್‌ಫೈಂಡರ್ ಜೋಡಣೆ ಇರಲಿಲ್ಲ. 1932ರ ಲೈಕಾ 2ರಲ್ಲಿ ಅದು ಬಂತು. ಲೆನ್ಸನ್ನು ತಿರುಪಿ ಕೂರಿಸುವ 39 ಮಿಮೀ ವ್ಯಾಸದ ಮೌಂಟ್ ಅದರದ್ದು. ಅದೇ ವರ್ಷ ಜರ್ಮನಿಯದೇ ಝೈಸ್ ಐಕಾನ್ ಕಂಪನಿ ತನ್ನ ಕಾಂಟ್ಯಾಕ್ಸ್ ಕ್ಯಾಮೆರಾ ಹೊರತಂದಿತು. ಅದರ ಜೊತೆ ಬಂದ ಲೆನ್ಸೇ ನಮ್ಮ ಕತೆಯ ನಾಯಕ: ಲುಡ್‌ವಿಗ್ ಬರ್ಟೆಲೆ ರೂಪಿಸಿದ ಸೊನ್ನಾರ್.

ಸೊನ್ನಾರ್ ಯಾಕೆ ಮುಖ್ಯ? ಆಗಿನ್ನೂ ಗಾಜಿಗೆ ಪ್ರತಿಫಲನ ತಗ್ಗಿಸುವ ಕೋಟಿಂಗ್ ಬಳಿಯುತ್ತಿರಲಿಲ್ಲ. ಗಾಳಿ ಮತ್ತು ಗಾಜು ಸೇರುವ ಪ್ರತಿ ಮೇಲ್ಮೈಯಲ್ಲೂ ನೂರಕ್ಕೆ 4–5 ಪಾಲು ಬೆಳಕು ಪ್ರತಿಫಲಿಸಿ ಹೋಗುತ್ತಿತ್ತು. ಹೋಗಿ ಸುಮ್ನೆ ಇರುತ್ತಿರಲಿಲ್ಲ, ಲೆನ್ಸಿನೊಳಗೇ ಅಲೆದಾಡಿ ಚಿತ್ರವನ್ನು ಮಂಕು ಮಾಡುತ್ತಿತ್ತು. ಬರ್ಟೆಲೆ ಗಾಜುಗಳನ್ನು ಅಂಟಿಸಿ ಮೂರೇ ಗುಂಪು ಮಾಡಿದರು. ಎಫ್ 1.5 ಲೆನ್ಸಿನಲ್ಲಿ 7 ಗಾಜುಗಳಿದ್ದರೂ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈಗಳು 6 ಮಾತ್ರ. ಆಗಿನ ಕಾಲಕ್ಕೆ ಅಷ್ಟು ಬೆಳಕು ಹಿಡಿಯುವ, ಅಷ್ಟು ಗಾಢ ಚಿತ್ರ ಕೊಡುವ ಲೆನ್ಸ್ ಅಪರೂಪ. ಇದಕ್ಕೊಂದು ಬೆಲೆಯೂ ಇತ್ತು. ಗಾಜಿನ ಅಂಚಿನಿಂದ ಬಂದ ಬೆಳಕು ನಡುವಿನಿಂದ ಬಂದ ಬೆಳಕಿನ ಜಾಗದಲ್ಲೇ ಬಂದು ಸೇರುವುದಿಲ್ಲ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ, ಪೂರ್ತಿ ತೆರೆದಾಗ ಸ್ಪಷ್ಟ ಚಿತ್ರದ ಮೇಲೊಂದು ತೆಳು ಮಂಜಿನ ಪದರ ಕೂತಂತೆ ಕಾಣುತ್ತದೆ. ಹಿನ್ನೆಲೆಯ ಮಸುಕು ಮೆತ್ತಗಾಗುತ್ತದೆ. ಇವತ್ತು ಜನ ದುಡ್ಡು ಕೊಟ್ಟು ಹುಡುಕುವ ‘ಹಳೇ ಲುಕ್’ ಬಹುಪಾಲು ಇದೇ. ಬರ್ಟೆಲೆ ಅದನ್ನು ಸಾಧ್ಯವಾದಷ್ಟು ಕಡಿಮೆ ಮಾಡಲು ನೋಡಿದ್ದರು.

ಸೊನ್ನಾರ್ ಅಗ್ಗವಾದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅಲ್ಲಿನ ಪೇಟೆಂಟುಗಳಿಗೆ ಹೊರಗೆ ಬೆಲೆಯಿಲ್ಲದಂತಾಯಿತು. ಕಾಂಟ್ಯಾಕ್ಸ್ ತಯಾರಿಸುವ ಯಂತ್ರಗಳನ್ನು ಸೋವಿಯತ್ ಒಕ್ಕೂಟ ಪರಿಹಾರದ ಲೆಕ್ಕದಲ್ಲಿ ಹೊತ್ತೊಯ್ದಿತು. ಕೀವ್ ನಗರದ ಆರ್ಸೆನಲ್ ಕಾರ್ಖಾನೆಯಲ್ಲಿ ಅದೇ ಕ್ಯಾಮೆರಾ ಕೀವ್ ಎಂಬ ಹೆಸರಲ್ಲಿ ಹುಟ್ಟಿತು. ಸೊನ್ನಾರ್ ಎಫ್ 2 ಲೆನ್ಸು ಜುಪಿಟರ್-8 ಆಯಿತು, ಎಫ್ 1.5 ಜುಪಿಟರ್-3 ಆಯಿತು. ಮೊದಮೊದಲು ಜರ್ಮನಿಯಿಂದ ತಂದ ಗಾಜನ್ನೇ ಬಳಸಿದರು, ಆಮೇಲೆ ತಮ್ಮಲ್ಲಿ ಸಿಗುವ ಗಾಜಿಗೆ ಲೆಕ್ಕ ಬದಲಿಸಿಕೊಂಡರು. ಇದರ ಮುಂಚೆಯೇ, 1934ರಿಂದ, ಖಾರ್ಕಿವ್‌ನಲ್ಲಿ ಲೈಕಾದ ನಕಲು ಫೆಡ್ ತಯಾರಾಗುತ್ತಿತ್ತು. ಹಾಗಾಗಿ ಇದೇ ಜುಪಿಟರ್ ಲೆನ್ಸುಗಳನ್ನು 39 ಮಿಮೀ ತಿರುಪಿನ ಮೌಂಟಿನಲ್ಲೂ ಮಾಡಿದರು. ದಶಕಗಟ್ಟಲೆ, ರಾಶಿರಾಶಿಯಾಗಿ ಮಾಡಿದರು. ಮುಂದೆ ಪ್ರಪಂಚದ ಎಲ್ಲ ಕಡೆಯ ಬಡ ಫೋಟೋಗ್ರಾಫರುಗಳ ಕೈಗೆ ಸೊನ್ನಾರ್ ಎಟುಕಿದ್ದು ಈ ರಾಶಿಯಿಂದ.

ತೊಂದರೆ ಶುರುವಾದದ್ದೂ ಇಲ್ಲೇ. ನಾವು 50 ಮಿಮೀ ಅನ್ನುವ ಲೆನ್ಸಿನ ಫೋಕಲ್ ಲೆಂಗ್ತ್ ನಿಜಕ್ಕೂ 50 ಇರುವುದಿಲ್ಲ. ಲೈಕಾ ತನ್ನ ರೇಂಜ್‌ಫೈಂಡರನ್ನು 51.6 ಮಿಮೀ ಲೆನ್ಸಿಗೆ ಹೊಂದಿಸಿತ್ತು. ಕಾಂಟ್ಯಾಕ್ಸ್ ಲೆಕ್ಕ 52.4 ಮಿಮೀ. ಸೋವಿಯತ್ ಲೆನ್ಸುಗಳು ಕಾಂಟ್ಯಾಕ್ಸ್ ದಾರಿ ಹಿಡಿದವು. ಒಂದು ಮಿಲಿಮೀಟರ್ ಕೂಡ ಇಲ್ಲದ ವ್ಯತ್ಯಾಸ ಅಲ್ವಾ, ಏನಾದೀತು? ಲೆಕ್ಕ ಹಾಕಿ ನೋಡಿ. ದೂರದ ಬೆಟ್ಟಕ್ಕೆ ಸರಿಯಾಗಿ ಹೊಂದಿಸಿದ ಜುಪಿಟರ್-3 ಲೆನ್ಸನ್ನು ಲೈಕಾಗೆ ಹಾಕಿ 1 ಮೀಟರ್ ದೂರದಲ್ಲಿ ಕೂತವರ ಕಣ್ಣಿಗೆ ಫೋಕಸ್ ಮಾಡಿದರೆ, ನಿಜವಾದ ಫೋಕಸ್ ಸುಮಾರು 3 ಸೆಂಟಿಮೀಟರ್ ತಪ್ಪಿರುತ್ತದೆ. ಎಫ್ 1.5ರಲ್ಲಿ ಆ ದೂರಕ್ಕೆ ಚುರುಕಾಗಿ ಕಾಣುವ ಪಟ್ಟಿಯ ದಪ್ಪವೇ ಹೆಚ್ಚುಕಡಿಮೆ 3 ಸೆಂಟಿಮೀಟರ್, ಮುಂದೆ ಅರ್ಧ, ಹಿಂದೆ ಅರ್ಧ. ಕಣ್ಣು ಅದರಿಂದ ಹೊರಗೇ ಉಳಿಯುತ್ತದೆ. ಎಷ್ಟೋ ಜನ ‘ರಷ್ಯನ್ ಲೆನ್ಸ್ ಚೂಪಿಲ್ಲ’ ಅಂತ ಬೈದು ಮಾರಿಬಿಟ್ಟರು. ಗಾಜಿನ ತಪ್ಪಲ್ಲ ಅದು. ತೆಳು ಲೋಹದ ಶಿಮ್ ಹಾಕಿ ಗಾಜಿನ ಜಾಗವನ್ನು ಚೂರು ಬದಲಿಸಿದರೆ ಹತ್ತಿರದ ಫೋಕಸ್ ಸರಿಹೋಗುತ್ತದೆ. ಆಗ ದೂರದ್ದು ಸ್ವಲ್ಪ ಕೈಕೊಡುತ್ತದೆ. ದೂರದ ಚಿತ್ರಕ್ಕೆ ಅಪರ್ಚರ್ ಕಿರಿದು ಮಾಡಿದರೆ ಅದೂ ಮುಚ್ಚಿಹೋಗುತ್ತದೆ. ಈ ಹೊಂದಾಣಿಕೆ ತಿಳಿದ ರಿಪೇರಿಯವರ ಕೈಗೆ ಸಿಕ್ಕ ಜುಪಿಟರ್-3, ಖಂಡಿತ ಹೇಳುತ್ತೇನೆ, ಬೆಲೆಗೆ ಮೀರಿದ ಲೆನ್ಸ್.

ಜಪಾನಿನಲ್ಲೂ ಯುದ್ಧದ ನಂತರ ಸೊನ್ನಾರ್ ವಿನ್ಯಾಸವೇ ಬುನಾದಿಯಾಯಿತು. ನಿಕಾನ್ ಕಂಪನಿಯ 50 ಮಿಮೀ ಎಫ್ 1.4, 85 ಮಿಮೀ ಎಫ್ 2, ಕ್ಯಾನನ್‌ನ 50 ಮಿಮೀ ಎಫ್ 1.5, ಎಲ್ಲವೂ ಅದೇ ವಂಶ. ಲೈಫ್ ಪತ್ರಿಕೆಯ ಫೋಟೋಗ್ರಾಫರ್ ಡೇವಿಡ್ ಡಗ್ಲಸ್ ಡಂಕನ್ 1950ರ ಕೊರಿಯಾ ಯುದ್ಧಕ್ಕೆ ಲೈಕಾ ಕ್ಯಾಮೆರಾಗೆ ನಿಕಾನ್ ಕಂಪನಿಯ ನಿಕ್ಕೋರ್ ಲೆನ್ಸ್ ಹಾಕಿಕೊಂಡು ಹೋದರು. ಅವರ ಚಿತ್ರಗಳನ್ನು ನೋಡಿದ ಮೇಲೆ ಜಪಾನಿ ಲೆನ್ಸ್ ಅಂದರೆ ಅಗ್ಗದ ನಕಲು ಅನ್ನುವ ಮಾತು ನಿಂತಿತು. ಜಪಾನಿಗಳು ತಮ್ಮ ತಿರುಪಿನ ಲೆನ್ಸುಗಳನ್ನು ಲೈಕಾ ಅಳತೆಗೇ ಮಾಡಿದ್ದರಿಂದ ಫೋಕಸ್ ತಕರಾರು ಇರಲಿಲ್ಲ. ಆ ಕಾಲದ ಕ್ಯಾನನ್ ಲೆನ್ಸುಗಳು ಇವತ್ತಿಗೂ ಒಳ್ಳೆಯ ಆಯ್ಕೆ. ಕೊಳ್ಳುವ ಮುಂಚೆ ಟಾರ್ಚ್ ಹಿಡಿದು ಒಳಗೆ ನೋಡಬೇಕು ಅಷ್ಟೇ. ಕೆಲವದರಲ್ಲಿ ಒಳಗಾಜಿನ ಮೇಲೆ ಮಂಜು ಕಟ್ಟಿರುತ್ತದೆ. ತುಂಬಾ ವರ್ಷ ಹಾಗೇ ಬಿಟ್ಟಿದ್ದರೆ ಒರೆಸಿದರೂ ಹೋಗದಂತೆ ಗಾಜನ್ನೇ ತಿಂದುಹಾಕಿರುತ್ತದೆ.

1954ರಲ್ಲಿ ಲೈಕಾ ಎಂ3 ಬಂತು, ತಿರುಪಿನ ಬದಲು ತಟ್ಟನೆ ಸಿಕ್ಕಿಸುವ ಬಯೊನೆಟ್ ಮೌಂಟ್ ಜೊತೆಗೆ. ಹೊಸ ಮೌಂಟಿನಿಂದ ಫಿಲ್ಮಿಗೆ ಇರುವ ದೂರ 27.8 ಮಿಮೀ. ಹಳೆಯದರಲ್ಲಿ 28.8. ಈ ಒಂದು ಮಿಲಿಮೀಟರ್ ಜಾಗದಲ್ಲಿ ಒಂದು ತೆಳು ಬಳೆ ಕೂರಿಸಿದರೆ ಎಲ್ಲ ಹಳೇ ತಿರುಪಿನ ಲೆನ್ಸೂ ಹೊಸ ಕ್ಯಾಮೆರಾದಲ್ಲಿ ಕೆಲಸ ಮಾಡುತ್ತದೆ, ರೇಂಜ್‌ಫೈಂಡರ್ ಸಮೇತ. ಹಳೇ ಗಿರಾಕಿಗಳನ್ನು ಕೈಬಿಡದ ಆ ನಿರ್ಧಾರದಿಂದಲೇ 1930ರ ದಶಕದ ಲೆನ್ಸು ಇವತ್ತಿನ ಡಿಜಿಟಲ್ ಲೈಕಾದಲ್ಲೂ ಕೂರುತ್ತದೆ.

1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಜನ ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕಡೆ ಹೊರಟರು. ರೇಂಜ್‌ಫೈಂಡರ್ ದುಬಾರಿ ಹವ್ಯಾಸವಾಗಿ ಉಳಿಯಿತು.

ಅದನ್ನು ಮತ್ತೆ ಸಾಮಾನ್ಯರ ಕೈಗೆ ತಂದದ್ದು ಜಪಾನಿನ ಕೊಸಿನಾ. ಹಿರೊಫುಮಿ ಕೊಬಯಾಶಿ ಅವರ ನೇತೃತ್ವದಲ್ಲಿ ಕಂಪನಿ 1999ರಲ್ಲಿ ಫೋಯ್ಕ್ಟ್‌ಲೆಂಡರ್ ಎಂಬ ಹಳೇ ಜರ್ಮನ್ ಹೆಸರಿನಲ್ಲಿ ಬೆಸ್ಸಾ ಕ್ಯಾಮೆರಾ ಮತ್ತು ತಿರುಪಿನ ಮೌಂಟಿನ ಹೊಸ ಲೆನ್ಸುಗಳನ್ನು ತಂದಿತು. ಹಳೇ ಲುಕ್ಕನ್ನೇ ಬೇಕೆಂದು ಕೊಡುವ ಯೋಚನೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಾಕ್ಟನ್ ಕ್ಲಾಸಿಕ್ 40 ಮಿಮೀ ಎಫ್ 1.4 ಲೆನ್ಸನ್ನು ಎರಡು ಬಗೆಯಲ್ಲಿ ಮಾರಿದರು: ಒಂದಕ್ಕೆ ಬಹುಪದರ ಕೋಟಿಂಗ್, ಇನ್ನೊಂದಕ್ಕೆ ಹಳೇ ಕಾಲದಂತೆ ಒಂದೇ ಪದರ. ಕಪ್ಪು-ಬಿಳುಪಿನಲ್ಲಿ ನೆರಳಿನ ಭಾಗ ಸ್ವಲ್ಪ ತಿಳಿಯಾಗಲಿ ಅನ್ನುವವರಿಗೆ ಎರಡನೆಯದು. ಇವು ಅಗ್ಗವಲ್ಲ, ಆದರೆ ಲೈಕಾ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಫೋಕಸ್ ಹೊಂದಿಕೆ ಕಾರ್ಖಾನೆಯಿಂದಲೇ ಚೆನ್ನಾಗಿ ಬರುತ್ತದೆ. ನನ್ನ ದೃಷ್ಟಿಯಲ್ಲಿ ನಡುಬೆಲೆಯ ಲೆನ್ಸುಗಳಲ್ಲಿ ಇವತ್ತಿಗೂ ಇವನ್ನು ಮೀರಿಸಿದವರಿಲ್ಲ.

ಇದೇ ಕೊಸಿನಾ ಝೈಸ್‌ಗಾಗಿ ಸಿ ಸೊನ್ನಾರ್ 50 ಮಿಮೀ ಎಫ್ 1.5 ತಯಾರಿಸಿತು. ಆಗ ಬರ್ಟೆಲೆ ವಿನ್ಯಾಸದ ಹಳೇ ತೊಡಕು ಮತ್ತೆ ಎದುರಾಯಿತು. ಸೊನ್ನಾರ್‌ನಲ್ಲಿ ಅಪರ್ಚರ್ ಬದಲಿಸಿದರೆ ಫೋಕಸ್ ಬಿಂದುವೇ ಹಿಂದಕ್ಕೆ ಸರಿಯುತ್ತದೆ. ಕ್ಯಾಮೆರಾಗೆ ಇದು ಗೊತ್ತಾಗುವುದಿಲ್ಲ, ಅದು ನಂಬುವುದು ಬಳೆಯನ್ನು ತಾನೇ. ಎಫ್ 1.5ಕ್ಕೆ ಹೊಂದಿಸಿದರೆ 2.8ರಲ್ಲಿ ತಪ್ಪು, 2.8ಕ್ಕೆ ಹೊಂದಿಸಿದರೆ ಪೂರ್ತಿ ತೆರೆದಾಗ ತಪ್ಪು. ಝೈಸ್ ಮೊದಲು 2.8ಕ್ಕೆ ಹೊಂದಿಸಿ ಕಳಿಸಿತು, ಹಾಗೆ ಯಾಕೆ ಮಾಡಿದೆವು ಅಂತ ವಿವರಿಸಿಯೂ ಹೇಳಿತು. ಅಷ್ಟು ದೊಡ್ಡ ಕಂಪನಿಗೂ ಒಂದನ್ನು ಆರಿಸದೆ ಬೇರೆ ದಾರಿ ಇರಲಿಲ್ಲ.

ಈಗ ಚೀನಾಕ್ಕೆ ಬರೋಣ. ಆರಂಭದಲ್ಲಿ ಹೇಳಿದ 50 ಮಿಮೀ ಎಫ್ 1.1 ಲೆನ್ಸು ಸೆವೆನ್ ಆರ್ಟಿಸಾನ್ಸ್ ಕಂಪನಿಯದು. ಅದರ ಹಿಂದೆಯೇ ಟಿಟಿಆರ್ಟಿಸಾನ್ ಬಂತು. ಈ ಲೆನ್ಸುಗಳ ಪೆಟ್ಟಿಗೆಯಲ್ಲಿ ಗೆರೆ ಎಳೆದ ಫೋಕಸ್ ಪರೀಕ್ಷೆಯ ಹಾಳೆ ಇಟ್ಟು ಕೊಟ್ಟರು. ಹಿಂಬದಿಯ ಬಳೆಯನ್ನು ಬಿಗಿ ಹಿಡಿದ ಸಣ್ಣ ತಿರುಪುಗಳನ್ನು ಸಡಿಲಿಸಿ, ಚೂರು ಸರಿಸಿ, ಮತ್ತೆ ಬಿಗಿ ಮಾಡಬಹುದು. ಅಂದರೆ ಕಾರ್ಖಾನೆಯಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಕೆಲಸದ ಕೊನೆಯ ಭಾಗವನ್ನು ಕೊಂಡವರ ಮೇಜಿಗೆ ದಾಟಿಸಿದರು. ಕೆಲವರು ಇದನ್ನು ಕಳಪೆ ಕೆಲಸ ಅಂದರು. ನನಗೆ ಇದು ಪ್ರಾಮಾಣಿಕ ಒಪ್ಪಂದ ಅನ್ನಿಸುತ್ತದೆ. ಪ್ರತಿ ಕ್ಯಾಮೆರಾದ ರೇಂಜ್‌ಫೈಂಡರೂ ಒಂದು ಚೂರು ಆಚೀಚೆ ಇರುತ್ತದೆ. ನಿಮ್ಮ ಕ್ಯಾಮೆರಾಗೆ ನಿಮ್ಮ ಲೆನ್ಸನ್ನು ನೀವೇ ಹೊಂದಿಸಿಕೊಳ್ಳುವುದು ತಪ್ಪೇನಲ್ಲ. ಸೋವಿಯತ್ ಲೆನ್ಸಿನವರು ಶಿಮ್ ಹಾಕಲು ಇಡೀ ಲೆನ್ಸ್ ಬಿಚ್ಚಬೇಕಿತ್ತು.

ನಂತರ ಚೀನಾದಲ್ಲೇ ಇನ್ನೊಂದು ದಾರಿ ಹಿಡಿದವರೂ ಬಂದರು. ಲೈಟ್ ಲೆನ್ಸ್ ಲ್ಯಾಬ್ 1958ರ ಲೈಕಾ ಸುಮಿಕ್ರಾನ್ 35 ಮಿಮೀ ಎಫ್ 2 ಲೆನ್ಸನ್ನು, ಅದೇ 8 ಗಾಜಿನ ವಿನ್ಯಾಸದಲ್ಲಿ, ಹೊರಗಿನ ಲೋಹದ ಆಕಾರ ಸಮೇತ ಮರುಸೃಷ್ಟಿ ಮಾಡಿತು. ಮೂಲ ಲೆನ್ಸು ಸಂಗ್ರಹಕಾರರ ಕಪಾಟು ಸೇರಿ ಬಹಳ ಕಾಲವಾಗಿತ್ತು. ಸ್ವತಃ ಲೈಕಾ ಕೂಡ 2016ರಲ್ಲಿ ಸುಮರಾನ್ 28 ಮಿಮೀ, ಮರುವರ್ಷ 1935ರ ಥಂಬಾರ್ ಲೆನ್ಸನ್ನು ಹೊಸದಾಗಿ ತಂದಿತ್ತು. ಬೆಲೆ ಮಾತ್ರ ಲೈಕಾದ್ದೇ. 2016ರಲ್ಲೇ ಲೊಮೋಗ್ರಫಿ ಕಂಪನಿ ಕ್ರಾಸ್ನೊಗೊರ್ಸ್ಕ್‌ನ ಝೆನಿತ್ ಕಾರ್ಖಾನೆಯಲ್ಲಿ ಜುಪಿಟರ್ 3+ ಮಾಡಿಸಿತು. ಹಳೆಯದು 1 ಮೀಟರ್‌ವರೆಗೆ ಮಾತ್ರ ಫೋಕಸ್ ಆಗುತ್ತಿತ್ತು, ಇದು 0.7 ಮೀಟರ್‌ವರೆಗೆ ಬರುತ್ತದೆ.

ಹಳೇ ವಿನ್ಯಾಸಗಳು ಇಷ್ಟು ಸುಲಭವಾಗಿ ಮರಳಲು ಇನ್ನೊಂದು ಕಾರಣ ಸರಳ. ಅವುಗಳ ಗಾಜುಗಳೆಲ್ಲ ಗೋಳದ ಭಾಗದಂಥ ಬಾಗು ಇರುವಂಥವು. ಆಧುನಿಕ ಆಸ್ಫೆರಿಕಲ್ ಗಾಜಿಗಿಂತ ಅವನ್ನು ತಿಕ್ಕಿ ನಯ ಮಾಡುವುದು ಕಡಿಮೆ ಖರ್ಚಿನ ಕೆಲಸ. ಪೇಟೆಂಟುಗಳ ಅವಧಿಯೂ ಎಂದೋ ಮುಗಿದಿದೆ.

ಇಷ್ಟೆಲ್ಲದರ ನಡುವೆ ಮಿರರ್‌ಲೆಸ್ ಕ್ಯಾಮೆರಾಗಳು ಆಟವನ್ನೇ ಬದಲಿಸಿದವು. 2013ರಲ್ಲಿ ಫುಲ್ ಫ್ರೇಮ್ (ಹಳೇ 35 ಮಿಮೀ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಸೋನಿ ಎ7 ಬಂದಾಗ ರೇಂಜ್‌ಫೈಂಡರ್ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಬಳಸುವುದು ಸಲೀಸಾಯಿತು. ಅಲ್ಲಿ ನೋಡುವುದು ಸೆನ್ಸರ್ ಮೇಲೆ ಬಿದ್ದ ಚಿತ್ರವನ್ನೇ, ಬಳೆಯ ಮಾತನ್ನಲ್ಲ. 51.6 ಮತ್ತು 52.4ರ ಜಗಳವಿಲ್ಲ. ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಿದರೆ ಸೊನ್ನಾರ್‌ನ ಫೋಕಸ್ ಸರಿಯುವ ರೋಗವೂ ಇಲ್ಲ. ಬೇರೊಂದು ತೊಡಕಿದೆ: ಕೆಲವು ಕ್ಯಾಮೆರಾಗಳ ಸೆನ್ಸರ್ ಮುಂದಿನ ದಪ್ಪ ಗಾಜಿನಿಂದ ಅಗಲ ನೋಟದ ಹಳೇ ಲೆನ್ಸುಗಳು ಮೂಲೆಗಳಲ್ಲಿ ಕಲಸಿದಂತೆ ಕಾಣುತ್ತವೆ. 50 ಮಿಮೀ ಮತ್ತು ಅದಕ್ಕಿಂತ ಉದ್ದದವಕ್ಕೆ ಇದು ಅಷ್ಟಾಗಿ ತಟ್ಟುವುದಿಲ್ಲ.

ಹಾಗಾಗಿ ಅಗ್ಗದ ಹಳೇ ಶೈಲಿಯ ಲೆನ್ಸ್ ಕೊಳ್ಳುವವರು ಮೊದಲು ನೋಡಬೇಕಾದದ್ದು ತಮ್ಮ ಕ್ಯಾಮೆರಾವನ್ನು. ಮಿರರ್‌ಲೆಸ್ ಇದ್ದರೆ ಜುಪಿಟರ್-8 ಹಿಡಿದು ಶುರು ಮಾಡಿ, ಹಣ ಕಡಿಮೆ, ಖುಷಿ ಜಾಸ್ತಿ. ನಿಜವಾದ ರೇಂಜ್‌ಫೈಂಡರ್ ಇದ್ದರೆ ಫೋಕಸ್ ಹೊಂದಿಸಿಕೊಳ್ಳಲು ಬರುವ ಹೊಸ ಲೆನ್ಸ್, ಅಥವಾ ಲೈಕಾ ಅಳತೆಗೆ ಮಾಡಿದ ಹಳೇ ಕ್ಯಾನನ್. ಜುಪಿಟರ್-3 ಮೇಲೆ ಮನಸ್ಸಿದ್ದರೆ ಅದಕ್ಕೆ ಯಾರಾದರೂ ಶಿಮ್ ಹಾಕಿದ್ದಾರಾ, ಯಾವ ದೂರಕ್ಕೆ ಹೊಂದಿಸಿದ್ದಾರೆ ಅಂತ ಕೇಳಿ. ಎಫ್ 1.5ರಲ್ಲಿ ಒಂದು ಮೀಟರ್ ದೂರದಿಂದ ತೆಗೆದ ಚಿತ್ರ ತೋರಿಸಲು ಮಾರುವವರು ಹಿಂದೆಮುಂದೆ ನೋಡಿದರೆ ಆ ಲೆನ್ಸ್ ಬಿಟ್ಟು ಮುಂದಿನದನ್ನು ಹುಡುಕಿ.