‘ಮೇಟ್ರನೇಜ್’ ಪದವೂ ಕನ್ನಡದ ‘ಮಾಡಿಸಿದಳು’ ಕ್ರಿಯಾಪದವೂ

ಕಲೆ, ಸಾಹಿತ್ಯ, ವಾಸ್ತುಶಿಲ್ಪಗಳಿಗೆ ಮಹಿಳೆಯರು ನೀಡಿದ ಆಶ್ರಯವನ್ನು ಸೂಚಿಸಲು ಕಲಾಚರಿತ್ರೆಯ ಇಂಗ್ಲಿಷ್ ಬರಹಗಳಲ್ಲಿ ‘ಮೇಟ್ರನೇಜ್’ ಎಂಬ ಪದವನ್ನು ಬಳಸುತ್ತಾರೆ. ‘ಪೇಟ್ರನೇಜ್’ ಪದದ ಮೂಲದಲ್ಲಿ ಲ್ಯಾಟಿನ್ನಿನ ‘ಪಾತೆರ್’, ಅಂದರೆ ತಂದೆ, ಇರುವುದರಿಂದ ಅದಕ್ಕೆ ಜೋಡಿಯಾಗಿ ತಾಯಿ ಎಂಬರ್ಥದ ‘ಮಾತೆರ್’ ಮೂಲದ ಪದವನ್ನು ಹೀಗೆ ಬಳಸಲಾಗಿದೆ. ಆದರೆ ಈ ಜೋಡಿ ಸಮವಾದುದಲ್ಲ: ರೋಮಿನಲ್ಲಿ ‘ಪಾತ್ರೋನುಸ್’ ಎಂದರೆ ಆಶ್ರಿತರನ್ನು ಕಾಯುವ ಒಡೆಯ, ‘ಮಾತ್ರೋನಾ’ ಎಂದರೆ ಗೌರವಸ್ಥ ಮನೆತನದ ವಿವಾಹಿತೆ. ಆಶ್ರಯ ನೀಡುವ ಅಧಿಕಾರದ ಅರ್ಥ ಎರಡನೆಯ ಪದಕ್ಕೆ ಮೂಲದಿಂದ ಬಂದುದಲ್ಲ, ಆಧುನಿಕ ಬಳಕೆಯಿಂದ ಸೇರಿದುದು.

ಕನ್ನಡಕ್ಕೆ ತರುವಾಗ ಎಡವುವುದು ಸುಲಭ. ‘ಮಾತೃಪೋಷಣೆ’ ಎಂದು ಬರೆದರೆ ತಾಯಿಯನ್ನು ಸಾಕುವುದು ಎಂದೇ ಓದುಗರು ತಿಳಿಯುತ್ತಾರೆ. ‘ಮೇಟ್ರನ್’ ಎಂದೊಡನೆ ನಮಗೆ ಆಸ್ಪತ್ರೆ ಅಥವಾ ಹಾಸ್ಟೆಲು ನೆನಪಾಗುತ್ತದೆ. ‘ಪೋಷಕರು’ ಎಂಬುದು ಶಾಲೆಗಳ ಬಳಕೆಯಲ್ಲಿ ತಂದೆತಾಯಿಯರೇ ಆಗಿದ್ದಾರೆ. ‘ರಾಜಾಶ್ರಯ’ದೊಳಗೆ ರಾಜ ಮೊದಲೇ ಕುಳಿತಿದ್ದಾನೆ. ಆದ್ದರಿಂದ ವ್ಯಕ್ತಿಗೆ ‘ಆಶ್ರಯದಾತೆ’, ವಿಷಯಕ್ಕೆ ‘ಮಹಿಳೆಯರ ಆಶ್ರಯ’ ಎಂದು ಬರೆಯುವುದು ನನಗೆ ಹೆಚ್ಚು ಸ್ಪಷ್ಟವೆನಿಸುತ್ತದೆ.

ಕನ್ನಡದ ನಿಜವಾದ ಬಲ ಇರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ. ರನ್ನನಿಗೆ ಆಶ್ರಯ ನೀಡಿ 993ರಲ್ಲಿ ‘ಅಜಿತಪುರಾಣ’ ಮೂಡಲು ಕಾರಣಳಾದ, ‘ದಾನಚಿಂತಾಮಣಿ’ ಎಂದು ಕೀರ್ತಿತಳಾದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ‘ಬರೆಯಿಸಿದಳು’ ಎಂಬ ಒಂದೇ ಪದವನ್ನು ಬಿಡಿಸಿ ನೋಡಿ: ‘ಬರೆ’ ಎಂಬುದು ಲಿಪಿಕಾರರ ಕೆಲಸ, ‘ಇಸು’ ಎಂಬ ಪ್ರತ್ಯಯ ಆ ಕೆಲಸದ ಹಿಂದಿನ ಇಚ್ಛೆ ಮತ್ತು ವೆಚ್ಚ, ಕೊನೆಯ ‘ಅಳು’ ಆ ಇಚ್ಛೆ ಹೆಣ್ಣಿನದೆಂಬುದಕ್ಕೆ ಸಾಕ್ಷಿ. ಅಚ್ಚುಕೂಟವಿಲ್ಲದ ಕಾಲದಲ್ಲಿ ಪ್ರತಿಯೊಂದು ತಾಳೆಗರಿಯನ್ನೂ ಕೈಯಿಂದಲೇ ಕೊರೆಯಬೇಕಿತ್ತೆಂಬುದನ್ನು ನೆನೆದರೆ ಆ ‘ಇಸು’ವಿನ ಭಾರ ತಿಳಿಯುತ್ತದೆ.

ಹೆಸರು ಬದಲಾದಾಗ ಈ ಸಾಕ್ಷಿ ಮರೆಯಾಗುವುದೂ ಉಂಟು. ಪಟ್ಟದಕಲ್ಲಿನಲ್ಲಿ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯ ದೇವರು ಆಗ ಅವಳ ಹೆಸರಿನ ‘ಲೋಕೇಶ್ವರ’. ಇಂದು ಅದು ವಿರೂಪಾಕ್ಷ ದೇವಾಲಯ. ಅದೇ ದೊರೆಯ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯ ‘ತ್ರೈಲೋಕೇಶ್ವರ’ವನ್ನೂ ಈಗ ಮಲ್ಲಿಕಾರ್ಜುನ ಎನ್ನುತ್ತೇವೆ. ಟಿಪ್ಪಣಿ ಬರೆಯುವವರು ಹಳೆಯ ಹೆಸರನ್ನೂ ಜೊತೆಗೆ ಕೊಡಲೇಬೇಕು.

ಬಳಕೆಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ಗೌರವಕ್ಕಾಗಿ ‘ಕಟ್ಟಿಸಿದರು’ ಎಂದು ಬಹುವಚನ ಹಾಕಿದೊಡನೆ ಲಿಂಗಸೂಚನೆ ಅಳಿಸಿಹೋಗುತ್ತದೆ. ಆ ರೂಪವನ್ನೇ ಇಟ್ಟುಕೊಳ್ಳುವುದಾದರೆ ಅದೇ ವಾಕ್ಯದಲ್ಲಿ ‘ರಾಣಿ’, ‘ಶ್ರಾವಕಿ’ (ಜೈನ ಗೃಹಸ್ಥೆ) ಮುಂತಾದ ಪದವೊಂದು ಇರುವಂತೆ ನೋಡಿಕೊಳ್ಳಬೇಕು.