ಯುರೋಪಿಗೆ ಇಬ್ಬರು ಚಾಂಪಿಯನ್‌ಗಳಿದ್ದ ವರ್ಷ

2001ರ ಮೇ 10, ಗುರುವಾರ. ಇಟಲಿಯ ಬೊಲೋನ್ಯದಲ್ಲಿ ಕಿಂಡರ್ ತಂಡ ಸ್ಪೇನಿನ ಟೌ ಸೆರಾಮಿಕಾವನ್ನು 82-74ರಿಂದ ಸೋಲಿಸಿ ಯುರೋಪಿನ ಬಾಸ್ಕೆಟ್‌ಬಾಲ್ ಚಾಂಪಿಯನ್ ಆಯಿತು. ಮೂರು ದಿನ ಬಿಟ್ಟು ಭಾನುವಾರ ಪ್ಯಾರಿಸ್‌ನಲ್ಲಿ ಇನ್ನೊಂದು ಫೈನಲ್ ನಡೆಯಿತು. ಅಲ್ಲಿ ಮಕಾಬಿ ಟೆಲ್ ಅವೀವ್ ತಂಡ ಗ್ರೀಸಿನ ಪನಥಿನೈಕೋಸನ್ನು 81-67ರಿಂದ ಮಣಿಸಿತು. ಅದೂ ಯುರೋಪಿನ ಚಾಂಪಿಯನ್ನೇ. ಎರಡರಲ್ಲಿ ಯಾವುದೂ ಸುಳ್ಳಲ್ಲ. ದಾಖಲೆ ಪಟ್ಟಿಯಲ್ಲಿ ಆ ವರ್ಷದ ಎದುರು ಇವತ್ತಿಗೂ ಎರಡು ಹೆಸರಿವೆ.

ಇನ್ನೊಂದು ತಮಾಷೆ ಇದೆ. ಕಿಂಡರ್ ಅಂದರೆ ಆ ತಂಡದ ಪ್ರಾಯೋಜಕರು, ಮಕ್ಕಳು ತಿನ್ನೋ ಚಾಕೊಲೇಟ್ ಬ್ರ್ಯಾಂಡು. ಮಕಾಬಿ ಜೆರ್ಸಿಯ ಮೇಲಿದ್ದ 'ಎಲೀಟ್' ಕೂಡ ಇಸ್ರೇಲಿನ ಚಾಕೊಲೇಟು, ಕಾಫಿ ಕಂಪನಿಯ ಹೆಸರು. ಆ ವರ್ಷ ಯುರೋಪಿನ ಎರಡೂ ಕಪ್ ಚಾಕೊಲೇಟ್ ಹೆಸರು ಹೊತ್ತವರ ಪಾಲಾಯಿತು.

ಈಗ ಯುರೋಪಿಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬರುತ್ತದೆ, ಆಟದ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಜತೆಗಿದೆ, ಯುರೋಪಿನ ದೊಡ್ಡ ಕ್ಲಬ್‌ಗಳ ಯೂರೋಲೀಗ್ ಒಪ್ಪಿಲ್ಲ ಅನ್ನೋ ಸುದ್ದಿ ಓದಿದಾಗಲೆಲ್ಲ ಯಾರು ಯಾರ ಕಡೆ ಎಂಬುದೇ ಗೊಂದಲವಾಗುತ್ತದೆ. ಅದು ಬಿಡಿಸಬೇಕಾದರೆ 2000-01ರ ಸೀಸನ್‌ಗೇ ಹೋಗಬೇಕು.

ಅದಕ್ಕೂ ಹಿಂದಿನದು ಚುಟುಕಾಗಿ ಹೇಳಬಹುದು. ಫಿಬಾ 1958ರಲ್ಲಿ ಯುರೋಪಿನ ದೇಶದೇಶದ ಚಾಂಪಿಯನ್ ಕ್ಲಬ್‌ಗಳಿಗೆ ಒಂದು ಕಪ್ ಶುರು ಮಾಡಿತು. ಮೊದಲ ಮೂರು ವರ್ಷವೂ ಗೆದ್ದಿದ್ದು ಆಗ ಸೋವಿಯತ್ ಒಕ್ಕೂಟದಲ್ಲಿದ್ದ ರೀಗಾದ ತಂಡ. ಮೊದಲ ವರ್ಷವೇ ಒಂದು ಸೆಮಿಫೈನಲ್ ನಡೆಯಲಿಲ್ಲ. ಸೋವಿಯತ್ ನೆಲಕ್ಕೆ ಹೋಗಲು ಸ್ಪೇನಿನ ಫ್ರಾಂಕೋ ಸರ್ಕಾರ ರಿಯಲ್ ಮ್ಯಾಡ್ರಿಡ್‌ಗೆ ಬಿಡಲಿಲ್ಲ. ಮುಂದೆ ಅದೇ ಮ್ಯಾಡ್ರಿಡ್ ಈ ಕಪ್ಪನ್ನು ಎಲ್ಲರಿಗಿಂತ ಜಾಸ್ತಿ ಸಲ ಗೆದ್ದಿತು. ಒಂದೊಂದು ಕಾಲ ಒಂದೊಂದು ಊರಿನದಾಯಿತು: ಇಟಲಿಯ ವರೇಸೆ, ಯುಗೊಸ್ಲಾವಿಯದ ಸ್ಪ್ಲಿಟ್, ಆಮೇಲೆ ಗ್ರೀಕರು.

90ರ ದಶಕದ ಹೊತ್ತಿಗೆ ಆಟಕ್ಕೆ ಟಿವಿ ಬಂತು, ಟಿವಿ ಜತೆ ದುಡ್ಡು ಬಂತು. ಆಟಗಾರರ ಸಂಬಳ ಕೊಡೋದು ಕ್ಲಬ್ಬು. ಊರೂರಿಗೆ ವಿಮಾನದ ಟಿಕೆಟ್ ತೆಗೆಯೋದೂ ಕ್ಲಬ್ಬು. ಟಿವಿ ಹಕ್ಕು ಮಾರೋದು ಮಾತ್ರ ಫಿಬಾ. ಮನೆಯಲ್ಲಿ ದುಡಿಯುವವರು ಒಬ್ಬರು, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ ಅಂದಹಾಗೆ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ, ಅಲ್ವಾ? ಒಲೆ ಬೇರೆಯಾಯಿತು.

2000ನೇ ಇಸವಿಯ ಬೇಸಿಗೆಯಲ್ಲಿ ದೊಡ್ಡ ಕ್ಲಬ್‌ಗಳು ತಮ್ಮದೇ ಕಂಪನಿ ಕಟ್ಟಿಕೊಂಡವು. ದೇಶೀಯ ಲೀಗ್‌ಗಳ ಒಕ್ಕೂಟವಾದ ಯುಲೆಬ್ ಬೆನ್ನಿಗಿತ್ತು. ಸ್ಪೇನಿನ ಟೆಲಿಫೋನ್ ಕಂಪನಿ ಟೆಲಿಫೋನಿಕಾದ ದುಡ್ಡಿನ ಬಲವಿತ್ತು. ಬಾರ್ಸಿಲೋನಾದ ಜೊರ್ಡಿ ಬರ್ತೊಮೆಯು ಮುಂದೆ ನಿಂತರು. ಹೊಸ ಲೀಗಿಗೆ ಹೆಸರು ಬೇಕಲ್ಲ? ಫಿಬಾ 1996ರಿಂದ ತನ್ನ ಪಂದ್ಯಾವಳಿಯನ್ನು 'ಯೂರೋಲೀಗ್' ಅಂತಲೇ ಕರೆಯುತ್ತಿತ್ತು. ಆದರೆ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿರಲಿಲ್ಲ! ಹೊರಟವರು ಹೆಸರನ್ನೂ ಜತೆಗೇ ತೆಗೆದುಕೊಂಡು ಹೊರಟರು. ಕಾನೂನಿನಲ್ಲಿ ತಡೆಯಲು ಏನೂ ಇರಲಿಲ್ಲ. ಮನೆ ಕಟ್ಟಿದವರು ಬಾಗಿಲಿಗೆ ಬೇರೆ ಬೋರ್ಡ್ ಹುಡುಕಬೇಕಾಯಿತು. ಹುಡುಕಿ ಇಟ್ಟ ಹೆಸರು 'ಸುಪ್ರೋಲೀಗ್'. ಆ ಹೆಸರು ಒಂದೇ ವರ್ಷ ಬಾಳಿತು. ಅದಕ್ಕೆ ಅಂಥ ಬೇಸರವೇನೂ ಇಲ್ಲ ಬಿಡಿ.

ಆಮೇಲೆ ತಂಡಗಳ ಪಾಲು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಟೌ, ಬೊಲೋನ್ಯದ ಎರಡೂ ಕ್ಲಬ್ಬು, ಟ್ರೆವಿಸೊದ ಬೆನೆಟನ್, ಜಾಲ್ಗಿರಿಸ್ ಎಲ್ಲ ಹೊಸ ಕಡೆಗೆ ಹೋದವು. ಹಾಲಿ ಚಾಂಪಿಯನ್ ಪನಥಿನೈಕೋಸ್, ಮಕಾಬಿ, ಸಿಎಸ್‌ಕೆಎ ಮಾಸ್ಕೋ, ಇಸ್ತಾಂಬುಲ್‌ನ ಎಫೆಸ್ ಪಿಲ್ಸೆನ್ ಫಿಬಾ ಜತೆ ಉಳಿದವು. ಅತ್ತ 24 ತಂಡ, ಇತ್ತ 20. ಗ್ರೀಸಿನಲ್ಲಂತೂ ವಿಚಿತ್ರ. ಒಬ್ಬರನ್ನೊಬ್ಬರು ಕಂಡರಾಗದ ಪನಥಿನೈಕೋಸ್ ಮತ್ತು ಒಲಿಂಪಿಯಾಕೋಸ್ ತಮ್ಮ ದೇಶದ ಲೀಗಿನಲ್ಲಿ ಎದುರಾಬದುರು ಆಡುತ್ತಿದ್ದವು. ಯುರೋಪಿಗೆ ಹೊರಟರೆ ಮಾತ್ರ ಬೇರೆ ಬೇರೆ ದಾರಿ.

2000ದ ಅಕ್ಟೋಬರ್ 16ರಂದು ಮ್ಯಾಡ್ರಿಡ್‌ನಲ್ಲಿ ಹೊಸ ಯೂರೋಲೀಗಿನ ಮೊದಲ ಆಟ ನಡೆಯಿತು. ರಿಯಲ್ ಮ್ಯಾಡ್ರಿಡ್ 75, ಒಲಿಂಪಿಯಾಕೋಸ್ 73. ಶುರುವಾತು ಚೆನ್ನಾಗೇ ಇತ್ತು.

ಆ ವರ್ಷ ನೋಡಬೇಕಾಗಿದ್ದದ್ದು ಬೊಲೋನ್ಯವನ್ನು. ನಾಲ್ಕು ಲಕ್ಷದ ಆಸುಪಾಸು ಜನರ ಊರು. ಎರಡು ದೊಡ್ಡ ಬಾಸ್ಕೆಟ್‌ಬಾಲ್ ಕ್ಲಬ್ಬು: ಕಿಂಡರ್ ಹೆಸರಿನಲ್ಲಿ ಆಡುತ್ತಿದ್ದ ವಿರ್ಟುಸ್, ಪಾಫ್ ಹೆಸರಿನಲ್ಲಿ ಆಡುತ್ತಿದ್ದ ಫೊರ್ಟಿಟುಡೊ. ಯುರೋಪಿನ ಸೆಮಿಫೈನಲ್‌ಗೆ ಎರಡೂ ಬಂದವು, ಅದೂ ಪರಸ್ಪರ ಎದುರಾಗಿ. ಕಿಂಡರ್ 3-0ಯಿಂದ ಗೆದ್ದಿತು. ಒಂದೇ ಊರಿನ ಅರ್ಧ ಜನ ಮೆರವಣಿಗೆಯಲ್ಲಿ, ಇನ್ನರ್ಧ ಜನ ಮುಖ ಗಂಟಿಕ್ಕಿಕೊಂಡು ಮನೆಯಲ್ಲಿ.

ಸೀಸನ್ ಶುರುವಾಗುವ ಹೊಸ್ತಿಲಲ್ಲೇ ಕಿಂಡರ್‌ನ ದೊಡ್ಡ ಹೆಸರು ಸಾಷಾ ದಾನಿಲೊವಿಚ್ ಆಟಕ್ಕೆ ವಿದಾಯ ಹೇಳಿದ್ದರು. ಆ ಜಾಗ ತುಂಬಿದ್ದು ಇಟಲಿಯ ಚಿಕ್ಕ ಕ್ಲಬ್ಬಿನಿಂದ ಆಗಷ್ಟೇ ಬಂದಿದ್ದ ಅರ್ಜೆಂಟೀನಾದ ಹುಡುಗ, ಮಾನು ಜಿನೋಬಿಲಿ. ನಮ್ಮಲ್ಲಿ ಹೆಚ್ಚಿನವರು ಆ ಹೆಸರು ಕೇಳಿದ್ದು ಆತ ಎನ್‌ಬಿಎಗೆ ಹೋದ ಮೇಲೆ. ಅಲ್ಲಿನ ಸ್ಯಾನ್ ಆಂಟೋನಿಯೊ ತಂಡ 1999ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 57ನೆಯವನಾಗಿ, ಅಂದರೆ ಕೊನೆಗಿಂತ ಒಂದು ಹೆಸರು ಮೊದಲು, ಆರಿಸಿ ಇಟಲಿಯಲ್ಲೇ ಬಿಟ್ಟಿತ್ತು.

ಆ ವರ್ಷ ಯೂರೋಲೀಗಿಗೆ ಫೈನಲ್ ಅಂದರೆ ಒಂದು ಆಟವಲ್ಲ, ಐದರಲ್ಲಿ ಮೂರು ಗೆಲ್ಲಬೇಕು. ವಿಟೋರಿಯ ಎಂಬ ಸಣ್ಣ ಊರಿನ ಟೌ ಬೊಲೋನ್ಯಕ್ಕೆ ಬಂದು ಮೊದಲ ಆಟವನ್ನೇ 78-65ರಿಂದ ಎಗರಿಸಿತು. ಅಂಗಣ ಸ್ತಬ್ಧ. ಎರಡನೇ ಆಟ ಕಿಂಡರ್‌ಗೆ, 94-73. ಮೂರನೆಯದರಲ್ಲಿ ಕಿಂಡರ್ ವಿಟೋರಿಯಕ್ಕೆ ಹೋಗಿ 80-60ರಿಂದ ಸೇಡು ತೀರಿಸಿಕೊಂಡಿತು. ಇನ್ನೇನು ಮುಗಿಯಿತು ಅನ್ನುವಾಗ ನಾಲ್ಕನೆಯದು ಟೌಗೆ, 96-79. ಐದನೆಯದು ಮತ್ತೆ ಬೊಲೋನ್ಯದಲ್ಲಿ. ಅಂಕಗಳನ್ನು ಸಾಲಾಗಿ ನೋಡಿ: ಮೊದಲ ನಾಲ್ಕು ಆಟದಲ್ಲಿ ಒಂದೂ ಕೂದಲೆಳೆಯ ಗೆಲುವಲ್ಲ. ಹೊಡೆದರೆ ಇವರೇ, ಇಲ್ಲಾಂದ್ರೆ ಅವರೇ. ಕಿಂಡರ್ ಕಡೆ ಜಿನೋಬಿಲಿ, ಫ್ರಾನ್ಸಿನ ರಿಗೊಡೋ, ಸೈಡಿನಲ್ಲಿ ಕೋಚ್ ಎತ್ತೋರೆ ಮೆಸ್ಸಿನಾ. ಟೌ ಕಡೆ ಎಲ್ಮರ್ ಬೆನೆಟ್, ಜತೆಗೆ ಅರ್ಜೆಂಟೀನಾದವರೇ ಆದ ಲೂಯಿಸ್ ಸ್ಕೋಲಾ, ಒಬರ್ಟೊ. ಮೂರು ವರ್ಷದ ಮೇಲೆ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅರ್ಜೆಂಟೀನಾದ ಮೂರು ಹುಡುಗರು ಹೀಗೆ ಒಂದೇ ಫೈನಲ್‌ನಲ್ಲಿ ಎದುರುಬದುರಾಗಿದ್ದರು. ಅತ್ಯುತ್ತಮ ಆಟಗಾರ ಜಿನೋಬಿಲಿಯೇ.

ಪ್ಯಾರಿಸ್‌ನ ಫೈನಲ್ ಹಳೇ ಲೆಕ್ಕ ಚುಕ್ತಾ ಮಾಡಿದಂತಿತ್ತು. ಹಿಂದಿನ ವರ್ಷ ಥೆಸಲೋನಿಕಿಯಲ್ಲಿ ಪನಥಿನೈಕೋಸ್ ಇದೇ ಮಕಾಬಿಯನ್ನು 73-67ರಿಂದ ಸೋಲಿಸಿತ್ತು. ಈ ಸಲ ಮಕಾಬಿ ಸರಾಗವಾಗಿ ಗೆದ್ದಿತು. ಏರಿಯಲ್ ಮೆಕ್‌ಡೊನಾಲ್ಡ್, ಆಂಟನಿ ಪಾರ್ಕರ್, ನೇಟ್ ಹಫ್‌ಮನ್ ಇದ್ದ ತಂಡ ಅದು. ಕಡಿಮೆ ತಂಡ ಅಂತ ಯಾರೂ ಹೇಳಲಾಗದು.

ಕಿಂಡರ್ ಮತ್ತು ಮಕಾಬಿ ಮಾತ್ರ ಆಡಲೇ ಇಲ್ಲ. ಒಂದು ಸಂಜೆ, ಒಂದು ಅಂಗಣ, ನಲವತ್ತು ನಿಮಿಷದ ಆಟ ಸಾಕಿತ್ತು. ಎರಡು ಕಚೇರಿಗಳ ಮಧ್ಯೆ ಅಷ್ಟೂ ಸಾಧ್ಯವಾಗಲಿಲ್ಲ. ನೋಡುವವರನ್ನು ಯಾರೂ ಕೇಳಲೂ ಇಲ್ಲ.

ಎರಡು ಜಾತ್ರೆ ಒಂದೇ ದಿನ ನಡೆದರೆ ಎರಡೂ ಕಡೆ ಅಂಗಡಿಯವರಿಗೆ ನಷ್ಟ. ಅದು ಇಬ್ಬರಿಗೂ ಅದೇ ವರ್ಷ ಅರ್ಥವಾಯಿತು. 2001-02ಕ್ಕೆ ಒಂದೇ ಲೀಗ್, 32 ತಂಡ, ಹೆಸರು ಯೂರೋಲೀಗ್, ನಡೆಸುವವರು ಕ್ಲಬ್‌ಗಳ ಕಂಪನಿಯವರು. ಫಿಬಾ ಬಿಟ್ಟುಕೊಟ್ಟಿತು. ಅದಕ್ಕೆ ಬೇರೆ ದಾರಿಯೂ ಹೆಚ್ಚೇನು ಇರಲಿಲ್ಲ. ಮುಂದಿನ ಮೇ ತಿಂಗಳು ಬೊಲೋನ್ಯದಲ್ಲೇ ಕೊನೆಯ ನಾಲ್ಕು ತಂಡಗಳ ಆಟ. ಪನಥಿನೈಕೋಸ್ ಸೆಮಿಫೈನಲ್‌ನಲ್ಲಿ ಮಕಾಬಿಯನ್ನು ಸೋಲಿಸಿತು. ಫೈನಲ್‌ನಲ್ಲಿ ಕಿಂಡರನ್ನು ಅದರ ಮನೆಯಂಗಳದಲ್ಲೇ 89-83ರಿಂದ ಸೋಲಿಸಿತು. ಹಿಂದಿನ ವರ್ಷದ ಇಬ್ಬರು ರಾಜರನ್ನೂ ಎರಡು ದಿನದ ಅಂತರದಲ್ಲಿ ಇಳಿಸಿದ್ದು ಪ್ಯಾರಿಸ್‌ನಿಂದ ಬರಿಗೈಲಿ ಹೋದವರು. ಆ ಬೇಸಿಗೆಯಲ್ಲಿ ಜಿನೋಬಿಲಿ ಅಮೆರಿಕಕ್ಕೆ ಹೊರಟ. ವಿರ್ಟುಸ್ ಮರುವರ್ಷ ಹಣಕಾಸಿನಲ್ಲಿ ಮುಗ್ಗರಿಸಿ ಇಟಲಿಯ ಮೇಲಿನ ಲೀಗಿನಿಂದಲೇ ಹೊರಬಿತ್ತು.

ಜಗಳ ಮುಗಿದಿತ್ತಾ? ಕಾಗದದ ಮೇಲೆ ಮುಗಿದಿತ್ತು. ಹದಿನಾಲ್ಕು ವರ್ಷ ಒಳಗೊಳಗೇ ಇತ್ತು, ಅಷ್ಟೇ. 2016ರಲ್ಲಿ ಯೂರೋಲೀಗ್ 16 ತಂಡಕ್ಕೆ ಇಳಿಯಿತು. ಅದರಲ್ಲಿ 11 ಕ್ಲಬ್‌ಗಳಿಗೆ ದೀರ್ಘಾವಧಿ ಲೈಸೆನ್ಸ್. ಅಂದರೆ ತಮ್ಮ ದೇಶದಲ್ಲಿ ಸೋತರೂ ಸೀಟು ಭದ್ರ. ದೇಶದ ಲೀಗ್ ಗೆದ್ದ ಸಣ್ಣ ಊರಿನ ತಂಡಕ್ಕೆ ಬಾಗಿಲು ಕಿರಿದಾಯಿತು. ದುಡ್ಡಿನ ಲೆಕ್ಕದಲ್ಲಿ ಇದು ಸರಿಯೇ ಇರಬಹುದು. 1958ರ ಲೆಕ್ಕದಲ್ಲಿ ರೀಗಾಗೆ ಸೀಟು ಸಿಗುತ್ತಿತ್ತಾ ಅಂತ ಸುಮ್ನೆ ಯೋಚಿಸಿ ನೋಡಿ.

ಅದೇ ವರ್ಷ ಫಿಬಾ ತನ್ನದೇ ಬಾಸ್ಕೆಟ್‌ಬಾಲ್ ಚಾಂಪಿಯನ್ಸ್ ಲೀಗ್ ಶುರು ಮಾಡಿತು. 2017ರ ನವೆಂಬರ್‌ನಿಂದ ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಕ್ಲಬ್ ಸೀಸನ್ನಿನ ಮಧ್ಯೆಯೇ ಇಟ್ಟಿತು. ಯೂರೋಲೀಗ್ ತನ್ನ ಆಟ ನಿಲ್ಲಿಸಲಿಲ್ಲ. ಆಟಗಾರ ಒಬ್ಬನೇ, ಕ್ಲಬ್ ಜೆರ್ಸಿ ಹಾಕಬೇಕೋ ದೇಶದ ಜೆರ್ಸಿ ಹಾಕಬೇಕೋ? ಸ್ಪೇನ್ ಎರಡನೇ ಸಾಲಿನ ಹುಡುಗರನ್ನು ಕಳಿಸಿ ಅರ್ಹತೆ ಪಡೆಯಿತು, 2019ರ ವಿಶ್ವಕಪ್ಪನ್ನೂ ಗೆದ್ದಿತು. 2017ರಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ಸ್ಲೊವೇನಿಯಾ ಆ ವಿಶ್ವಕಪ್‌ಗೆ ಹೋಗಲೇ ಇಲ್ಲ. ಅದಕ್ಕೆ ಕಾರಣ ಇದೊಂದೇ ಅಂತ ಹೇಳಲಾಗದು. ಇದಲ್ಲ ಅಂತಲೂ ಹೇಳಲಾಗದು.

2025ರ ಮಾರ್ಚಿನಲ್ಲಿ ಎನ್‌ಬಿಎ ಮತ್ತು ಫಿಬಾ ಒಟ್ಟಿಗೆ ಕೂತು ಯುರೋಪಿನಲ್ಲಿ ಹೊಸ ಲೀಗ್ ತರುವ ಯೋಚನೆ ಇದೆ ಎಂದವು. ಕೆಲವರಿಗೆ ಕಾಯಂ ಸೀಟು, ಕೆಲವು ಸೀಟು ಗೆದ್ದು ಬರುವವರಿಗೆ. ಯೂರೋಲೀಗ್ 2025-26ಕ್ಕೆ ತಂಡಗಳನ್ನು 20ಕ್ಕೆ ಏರಿಸಿತು, ದುಬೈ ತಂಡವನ್ನೂ ಒಳಗೆ ಕರೆದುಕೊಂಡಿತು. ಈಗ ಒಂದು ತಂಡಕ್ಕೆ ಲೀಗ್ ಹಂತದಲ್ಲೇ 38 ಆಟ. ಆಟಗಾರರ ಮೊಣಕಾಲಿನ ಬಗ್ಗೆ ಎರಡೂ ಕಡೆಯವರಿಗೆ ಕಾಳಜಿ ಇದೆಯಂತೆ.

ಎನ್‌ಬಿಎ ಈ ಯೋಚನೆ ಹೊರಗೆ ಹಾಕಿದಾಗ ಯೂರೋಲೀಗಿನ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ದೆಯಾನ್ ಬೊದಿರೋಗಾ. 2001ರ ಮೇ 13ರಂದು ಪ್ಯಾರಿಸ್‌ನಲ್ಲಿ ಫಿಬಾ ಕಡೆಯ ಫೈನಲ್ ಆಡಿ ಸೋತ ಪನಥಿನೈಕೋಸ್ ತಂಡದಲ್ಲಿ ಅವರಿದ್ದರು. ಮರುವರ್ಷ ಬೊಲೋನ್ಯದಲ್ಲಿ ಗೆದ್ದಾಗ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದವರೂ ಅವರೇ.